ಬಿದ್ದದ್ದಲ್ಲ, ಹೊಡೆದದ್ದು

ಕುಮಟಾದ ಕಾಲೇಜಿನಿಂದ ಫೋನ್ ಬಂದಾಗ ನಾನು ಹೊನ್ನಾವರದ ಮೀನು ಮಾರ್ಕೆಟ್ಟಿನಲ್ಲಿ ಬಂಗಡೆ ಕತ್ತರಿಸುತ್ತಿದ್ದೆ. ಸಮಾಜಕಾರ್ಯದ ಡಿಗ್ರಿ ಹೇಗೆ ನಡೆಯುತ್ತಿದೆ ಎಂದು ನೋಡಲು ವಿಶ್ವವಿದ್ಯಾಲಯದಿಂದ ಕಮಿಟಿ ಬರುತ್ತದಂತೆ. ವಿದ್ಯಾರ್ಥಿಗಳು ಓಡಾಡಿದ ಕೇರಿಯಿಂದ ಒಬ್ಬರು ಮಾತಾಡಬೇಕಂತೆ. ನಾಲ್ಕು ಒಳ್ಳೆಯ ಮಾತು ಸಾಕು ಎಂದರು ಅಲ್ಲಿನ ಮೇಷ್ಟ್ರು.

ಆ ಡಿಗ್ರಿ ಓದುವ ಹುಡುಗಿಯೊಬ್ಬಳು, ಕತಗಾಲದ ಕಡೆಯವಳು, ಹಿಂದಿನ ವರ್ಷ ವಾರಕ್ಕೆರಡು ದಿನ ನಮ್ಮ ಕೇರಿಗೆ ಬರುತ್ತಿದ್ದಳು. ಯಾರಿಗೆ ರೇಷನ್ ಕಾರ್ಡಿಲ್ಲ, ಯಾರ ಮಗು ಶಾಲೆ ಬಿಟ್ಟಿದೆ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳುವುದೂ ಅವಳಿಗೆ ಪಾಠವೇ. ನನ್ನ ಕುತ್ತಿಗೆಯ ಬಾಸುಂಡೆ ಕಂಡು ಒಮ್ಮೆ ಅವಳ ಪೆನ್ನು ನಿಂತಿತ್ತು. ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ.

ನನ್ನ ಗಂಡ ಭಟ್ಕಳದ ಬಂದರಿನಲ್ಲಿ ಬೋಟಿಗೆ ಹೋಗುವವನು. ಮಳೆಗಾಲದಲ್ಲಿ ಬೋಟು ನಿಂತರೆ ಮನೆಯಲ್ಲೇ ಇರುತ್ತಿದ್ದ. ಇದ್ದಷ್ಟು ದಿನವೂ ಹೊಡೆತ. ಹಿಂದಿನ ಮಳೆಗಾಲದ ಒಂದು ಮಧ್ಯಾಹ್ನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ಬೀಸಿ ನನ್ನ ಹುಬ್ಬು ಒಡೆದ. ಕೂದಲು ಹಿಡಿದು ಬಾಗಿಲ ಚೌಕಟ್ಟಿಗೆ ತಲೆ ಜಜ್ಜತೊಡಗಿದ. ಮೂರನೆಯ ಸಲಕ್ಕೆ ಕಣ್ಣಿಗೆ ರಕ್ತ ಇಳಿದು ಏನೂ ಕಾಣದಾಯಿತು. ಆಗ ಅಂಗಳದಿಂದ ಆ ಕಾಲೇಜು ಹುಡುಗಿಯ ದನಿ ಕೇಳಿತು.

"ಅಣ್ಣ, ಬಿಡಿ. ಅಕ್ಕ ಸತ್ತು ಹೋಗ್ತಾರೆ."

ಅವಳು ನಮ್ಮಿಬ್ಬರ ನಡುವೆ ನುಗ್ಗಿ ನಿಂತಳು. ಅವನು ಗೋಡೆಗೆ ಒರಗಿಸಿದ್ದ ದೋಣಿಯ ಹುಟ್ಟು ತೆಗೆದು ಬೀಸಿದ. ಅಡ್ಡ ಒಡ್ಡಿದ ಅವಳ ಮುಂಗೈ ಮುರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅವಳ ತಲೆಗೆ ಗುರಿಯಿಟ್ಟು ಮತ್ತೆ ಎತ್ತಿದ. ನಾನು ಅವನ ಕೈಗೆ ಬಾಯಿ ಹಾಕಿ, ಹಲ್ಲಿಗೆ ಮೂಳೆ ಸಿಗುವವರೆಗೆ ಕಚ್ಚಿದೆ. ಬೆನ್ನಿಗೆ ಗುದ್ದುತ್ತಲೇ ಇದ್ದ, ನಾನು ಬಿಡಲಿಲ್ಲ. ಕೊನೆಗೆ ಹುಟ್ಟು ಕೆಳಗೆ ಬಿತ್ತು.

ಅವಳ ಕಿರುಚಾಟಕ್ಕೆ ಕೇರಿಗೆ ಕೇರಿಯೇ ಓಡಿ ಬಂತು. ಹನ್ನೊಂದು ವರ್ಷ ನನ್ನ ಕೂಗಿಗೆ ಬಾರದವರು. ಅವನನ್ನು ಅಂಗಳದಲ್ಲಿ ಕೆಡವಿ ತುಳಿದರು. ನಾನು ಬೇಡ ಎನ್ನಲಿಲ್ಲ. ಪೊಲೀಸರು ಬಂದು ಒಯ್ದರು. ಕೇಸು ಇನ್ನೂ ನಡೆಯುತ್ತಿದೆ. ಜಾಮೀನು ಸಿಕ್ಕಿ ಅವನೀಗ ಭಟ್ಕಳದಲ್ಲಿ ಅವನ ಅಣ್ಣನ ಮನೆಯಲ್ಲಿದ್ದಾನೆ. ನಾಳೆ ಮದುವೆಯಾಗಬೇಕಾದ ಹುಡುಗಿ ಎಂದು ಅವಳ ಮನೆಯವರು ಕೇಸಿನಲ್ಲಿ ಅವಳ ಹೆಸರು ಬರಲು ಬಿಡಲಿಲ್ಲ.

ಕಮಿಟಿಯಲ್ಲಿ ಮೂವರಿದ್ದರು. ಅವರಲ್ಲಿ ಒಬ್ಬ ಮೇಡಂ ಫೈಲು ತಿರುವಿ, ಇಲ್ಲೊಬ್ಬ ವಿದ್ಯಾರ್ಥಿನಿ ನಿಮ್ಮ ಕೇರಿಯಲ್ಲಿ ಕಾಲು ಜಾರಿ ಬಿದ್ದು ಕೈ ಮುರಿದುಕೊಂಡಳು ಎಂದಿದೆ, ನಿಮಗೆ ಗೊತ್ತಾ ಎಂದು ಕೇಳಿದರು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು.

"ಬಿದ್ದದ್ದಲ್ಲ ಮೇಡಂ, ಹೊಡೆದದ್ದು. ನನ್ನ ಗಂಡ."

ಈ ಓದಿನಿಂದ ನಿಮ್ಮ ಕೇರಿಗೆ ಉಪಯೋಗ ಆಗಿದೆಯೇ ಎಂದು ಆಮೇಲೆ ಕೇಳಿದರು.

"ಅವಳು ಬರದೇ ಇದ್ದಿದ್ರೆ ನಾನು ಇರ್ತಿರ್ಲಿಲ್ಲ. ಆದ್ರೆ ಒಬ್ಬಳನ್ನೇ ಕಳ್ಸಿದ್ರಿ. ಕೈ ಎತ್ತಿದ ಗಂಡಸಿನ ಎದುರು ಎಂತ ಮಾಡ್ಬೇಕು ಅಂತ ಅವಳಿಗೆ ಯಾರೂ ಕಲಿಸಿರ್ಲಿಲ್ಲ."

ಮೇಡಂ ಬರೆದುಕೊಂಡರು. ಹೊರಡುವಾಗ ಮೇಷ್ಟ್ರು ನನ್ನನ್ನು ಮಾತಾಡಿಸಲಿಲ್ಲ.

ಈ ವರ್ಷ ಇಬ್ಬಿಬ್ಬರು ಬರುತ್ತಾರೆ, ಮೊದಲ ದಿನ ಲೆಕ್ಚರರ್ ಒಬ್ಬರು ಜೊತೆಗಿದ್ದರು. ಆ ಹುಡುಗಿ ಪಾಸಾದಳು. ಕೈ ಪೂರ್ತಿ ಮಡಚಲು ಬರುವುದಿಲ್ಲವಂತೆ. ಮೊನ್ನೆ ಫೋನ್ ಮಾಡಿದ್ದಳು. ಕಮಿಟಿಯ ವಿಷಯ ಅವಳ ಕಿವಿಗೂ ಬಿದ್ದಿತ್ತು. ಕೋಪ ಬಂತಾ ಎಂದು ಕೇಳಿದೆ. ಇಲ್ಲ, ಹೊಡೆದದ್ದು ಎಂದು ಕಾಲೇಜಿಗೆ ತಾನೇ ಹೇಳಬೇಕಿತ್ತು ಎಂದಳು.