ಆಯುಷ್ಯದ ಜಾಕೀಟು

ದಾಂಡೇಲಿಯ ಕಾರ್ಮಿಕರ ಲೈನಿನಲ್ಲಿ ನಮ್ಮ ಮನೆಗೂ ದುರ್ಗವ್ವನ ಮನೆಗೂ ನಡುವೆ ಒಂದೇ ಗೋಡೆ. ಅವಳು ನಕ್ಕರೆ ನಮ್ಮ ಗೂಡಿನಲ್ಲಿಟ್ಟ ಚಿಮಣಿ ದೀಪ ಅಲುಗುತ್ತಿತ್ತು. ನಾನು ಮದುವೆಯಾಗಿ ಅಲ್ಲಿಗೆ ಬಂದದ್ದು ಅರವತ್ತೊಂದನೆಯ ಇಸವಿಯಲ್ಲಿ. ಬಂದ ವಾರದಲ್ಲೇ ಗೋಡೆಯಾಚೆಯ ನಗುವಿಗೆ, ಕಾರಣ ಗೊತ್ತಿಲ್ಲದೆ, ನಾನೂ ನಗುತ್ತ ಕುಳಿತು ರೊಟ್ಟಿ ಸೀದಿಸಿ ಅತ್ತೆಯಿಂದ ಬೈಸಿಕೊಂಡೆ.

ಅವಳ ಗಂಡ ಲಗಮಪ್ಪ ಅಂಬಿಗೇರ ಕಾಗದದ ಮಿಲ್ಲಿನಲ್ಲಿ ಬಿದಿರು ಹೊರುತ್ತಿದ್ದ. ಇಬ್ಬರೂ ಮಲಪ್ರಭೆಯ ದಂಡೆಯವರು. ವಾರವೆಲ್ಲ ಬಿದಿರಿನ ಜೊತೆ ಬಿದಿರಾಗಿರುತ್ತಿದ್ದ ಲಗಮಪ್ಪನಿಗೆ ಜೀವ ಬರುತ್ತಿದ್ದದ್ದು ರವಿವಾರ. ಸೂಪಾ ಕಡೆಯಿಂದ ತಂದ, ಒಂದೇ ಮರ ಕೊರೆದು ಮಾಡಿದ ಸಣ್ಣ ದೋಣಿಯಲ್ಲಿ ಕಾಳಿ ನದಿಗೆ ಬಲೆ ಬೀಸಲು ಹೋಗುತ್ತಿದ್ದ. ಎಂಥ ದೋಣಿ ಅದು! ಕುಳಿತವನು ಮೀಸೆ ತಿರುವಬೇಕೆಂದರೂ ಎರಡೂ ಕೈಯಿಂದ ತಿರುವಬೇಕು, ಒಂದೇ ಕೈ ಎತ್ತಿದರೆ ಒಂದೇ ಕಡೆ ವಾಲುತ್ತಿತ್ತು.

ದುರ್ಗವ್ವ ನಗದೆ ಇರುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಅವನು ತಿರುಗಿ ಬರುವವರೆಗೆ ದಂಡೆಯ ಕಲ್ಲಿನ ಮೇಲೆ ಕಣ್ಣು ಕೀಳದೆ ಕುಳಿತಿರುತ್ತಿದ್ದಳು.

"ಯಾಕಕ್ಕಾ, ಅವರಿಗೆ ಈಜು ಬರೂದಿಲ್ಲೇನು?" ಎಂದು ಒಮ್ಮೆ ಕೇಳಿದೆ.

"ನಮ್ಮಪ್ಪಗೂ ಈಜು ಬರ್ತಿತ್ತು. ಆ ದಿನ ಕಾಲು ಬರಲಿಲ್ಲ" ಎಂದಳು.

ಅವಳ ಮದುವೆಯ ಮರುವರ್ಷ, ಪುಷ್ಯದ ಚಳಿಯಲ್ಲಿ ಹೊಳೆಗೆ ಬಿದ್ದ ಅಪ್ಪನಿಗೆ ಕಾಲು ಮರಗಟ್ಟಿ ದಂಡೆ ಸಿಕ್ಕಿರಲಿಲ್ಲ. ಕಾಳಿಯ ನೀರು ಅದಕ್ಕಿಂತ ತಂಪು.

ಆ ಚಳಿಗಾಲದಲ್ಲಿ ಹೊಳೆದಂಡೆಯ ಮಿಲ್ಲಿನ ಪಂಪ್‌ಹೌಸಿಗೆ ಹೊಸ ಸಾಹೇಬರು ಬಂದರು. ದೋಣಿ ಬಿಡುವ ದಂಡೆ ಅವರ ಸುಪರ್ದಿಗೆ ಸೇರಿದ್ದು. ಲೈಫ್ ಜಾಕೀಟು ಇಲ್ಲದವರು ಇನ್ನು ಇಲ್ಲಿಂದ ದೋಣಿ ಬಿಡಕೂಡದು ಎಂದು ಹೇಳಿ ಹೋದರು. ಲಗಮಪ್ಪನಿಗೆ ದಿಕ್ಕೇ ತೋಚಲಿಲ್ಲ. ಟೈಮ್ ಆಫೀಸಿನ ಗುಮಾಸ್ತ ಬಸಲಿಂಗಯ್ಯನ ಹತ್ತಿರ ಓಡಿದ. ಅರ್ಧ ಇಂಗ್ಲಿಷ್ ಕಲಿತವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ, ಅದಕ್ಕೆ ಈ ಬಸಲಿಂಗಯ್ಯನೇ ಕಾರಣ.

"ಲೈಫ್ ಅಂದ್ರ ಆಯುಷ್ಯ. ಸಾಹೇಬ್ರು ಕೇಳಿದ್ದು ಆಯುಷ್ಯದ ಜಾಕೀಟು" ಎಂದು ಅವನು ನಸ್ಯ ಏರಿಸಿದ.

ಲಗಮಪ್ಪ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದ. ನಮ್ಮ ಕಡೆ ಜಾಕೀಟು ಎಂದರೆ ಅಂಗಿಯ ಮೇಲೆ ತೊಡುವ, ತೋಳಿಲ್ಲದ ಉಣ್ಣೆಯ ಕೋಟು. ಮದುವೆಯಲ್ಲಿ ಮಾವ ಅಂಥದೊಂದು ಕರಿಯದು ಹೊಲಿಸಿಕೊಟ್ಟು, "ಇದು ಆಯುಷ್ಯಪೂರ್ತಿ ಬರ್ತೈತಿ, ಅಳಿಯಂದಿರ" ಎಂದಿದ್ದ. ಆ ಮಾತು ಸಾಹೇಬರಿಗೆ ಹೇಗೆ ಗೊತ್ತಾಯಿತು ಎಂದು ಗಂಡ ಹೆಂಡತಿ ರಾತ್ರಿಯೂಟದವರೆಗೆ ಬೆರಗಾದರು.

ರವಿವಾರ ಅವನು ಕುತ್ತಿಗೆಯವರೆಗೆ ಗುಂಡಿ ಹಾಕಿ ದೋಣಿ ಹತ್ತಿದ. ಅವನನ್ನು ನೋಡಿ ಉಳಿದ ಮೂರು ದೋಣಿಯವರೂ ಟ್ರಂಕಿನ ತಳ ಕೆದಕಿ ತಮ್ಮ ತಮ್ಮ ಮದುವೆಯ ಜಾಕೀಟು ಏರಿಸಿದರು. ನಾಲ್ಕು ಜನ ಹಳೆಯ ಮದುಮಕ್ಕಳು, ನುಸಿಗುಳಿಗೆಯ ವಾಸನೆ ಬೀರುತ್ತ, ಕಾಳಿಯ ನಡುವೆ ಬಲೆ ಬೀಸಿದರು. ಸಾಹೇಬರು ಬಂದು ನೋಡಿದರು. ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕುಸಿದು ಕುಳಿತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಗು ನಿಂತ ಮೇಲೆ, "ಇದು ಚಳಿಗಪ್ಪಾ. ನೀರು ಕುಡಿದರೆ ನಿನ್ನನ್ನೇ ಕೆಳಗೆ ಎಳೆಯುತ್ತದೆ. ನಾನು ಹೇಳಿದ್ದು, ಬಿದ್ದವನನ್ನು ಮೇಲೆ ಎತ್ತಿ ಹಿಡಿಯುವಂಥದ್ದು" ಎಂದರು.

ಕಲ್ಲಿನ ಮೇಲಿದ್ದ ದುರ್ಗವ್ವ ಎದ್ದು ನಿಂತಳು. "ಎತ್ತಿ ಹಿಡಿಯೂದು ಅಂದ್ರ ಬುರುಡಿ ಅಲ್ಲೇನ್ರಿ, ಸಾಹೇಬ್ರ?"

ಹೊಳೆದಂಡೆಯ ಊರುಗಳಲ್ಲಿ ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಾರೆ. ಒಳಗೆ ಬರೀ ಗಾಳಿ, ಮುಳುಗು ಅಂದರೂ ಮುಳುಗುವುದಿಲ್ಲ. ಬುರುಡೆಯಾದರೂ ಸರಿ ಎಂದರು ಸಾಹೇಬರು. ಆದರೆ ಲಗಮಪ್ಪ ಆ ದಿನ ಉಣ್ಣಲಿಲ್ಲ.

"ಅಂಬಿಗೇರ ಮಗ ನಾನು. ಕೂಸಿನಂಗ ಬುರುಡಿ ಕಟ್ಟಿಕೊಂಡ್ರ ಮೀನು ನಗತಾವ."

"ನಗಲಿ ಬಿಡ್ರಿ. ಮೀನು ನಕ್ಕರ ಬಾಯಿ ತೆರೀತಾವ, ಹಿಡಿಯಾಕ ಸಲೀಸು" ಎಂದಳು ದುರ್ಗವ್ವ.

ಮೂರನೆಯ ದಿನ, ದೋಣಿಯ ನೆನಪು ಹಟವನ್ನು ಗೆದ್ದು, ಅವನು ಒಪ್ಪಿದ. ಒಂದೇ ಕರಾರು: ಬುರುಡೆ ಹೊರಗೆ ಕಾಣಬಾರದು.

ಅವಳು ಬೀಜಕ್ಕೆಂದು ಮಾಡಿನ ಮೇಲೆ ಒಣಗಿಸಿದ್ದ ಆರು ಬುರುಡೆ ಇಳಿಸಿದಳು. ಬೀಜ ತೆಗೆದ ತೂತುಗಳಿಗೆ ಜೇನುಮೇಣ ಮೆತ್ತಿ, ಜಾಕೀಟಿನ ಒಳಗೆ ಗೋಣಿ ಅರಿವೆಯ ಚೀಲ ಹೊಲಿದು ಅವನ್ನು ತುಂಬಿದಳು. ಬೆನ್ನಿಗಲ್ಲ, ಎದೆಗೆ. "ಕಾಲು ಬರದಾಗ ಬೆನ್ನಾಗ ಬುರುಡಿ ಇದ್ರ ಮಾರಿ ನೀರಾಗಿರತೈತಿ" ಎಂದಳು. ಜಾಕೀಟು ಮೇಲೇರದಂತೆ ಕಾಲ ಸಂದಿನಿಂದ ಒಂದು ಲಾಡಿ. ತೊಟ್ಟು ಹೊರಬಿದ್ದ ಲಗಮಪ್ಪನನ್ನು ಕಂಡು ಲೈನಿನ ಹೆಂಗಸರೆಲ್ಲ ಎಷ್ಟು ತಿಂಗಳು ಎಂದು ಕೇಳಿದೆವು. ಮಿಲ್ಲಿನ ಅನ್ನ ಮೈಗೆ ಹತ್ತಿದೆ ಎಂದು ಅವನು ಮೀಸೆ ತಿರುವಿದ. ದುರ್ಗವ್ವ ನಗುತ್ತ ನಗುತ್ತ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಎರಡು ರವಿವಾರ ಸುಖವಾಗಿ ಕಳೆದವು. ಮೂರನೆಯ ರವಿವಾರ ನಾನು ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಬಲೆ ನೀರೊಳಗಿನ ಯಾವುದೋ ಬೊಡ್ಡೆಗೆ ಸಿಕ್ಕಿತು. ಲಗಮಪ್ಪ ಎದ್ದು ನಿಂತು ಜಗ್ಗಿದ. ದೋಣಿ ಮಗುಚಿತು.

ಮೊದಲು ಮೇಲೆ ಬಂದದ್ದು ರುಮಾಲು. ಅದೊಂದೇ. ದುರ್ಗವ್ವ ನನ್ನ ತೋಳು ಹಿಡಿದ ಗುರುತು ಎಂಟು ದಿನ ಇತ್ತು. ಆಮೇಲೆ ಗುಳುಕ್ ಎಂದು ಕರಿಯ ಹೊಟ್ಟೆ ಎದ್ದಿತು, ಅದರ ಹಿಂದೆ ಮೀಸೆ. ಕೈ ಆಡಲಿಲ್ಲ, ಕಾಲು ಆಡಲಿಲ್ಲ. ಮಾಳಿಗೆಯ ಮೇಲೆ ಬೆಳದಿಂಗಳಿಗೆ ಮಲಗಿದವನ ಹಾಗೆ ಅಂಗಾತ ತೇಲುತ್ತಿದ್ದ. ಬಾಯಿ ಮಾತ್ರ ಆಡುತ್ತಿತ್ತು, ಅದೂ ಬಲೆಯ ಚಿಂತೆಗೆ. "ಬಲಿ ಹಿಡೀರಿ, ಬಲಿ. ನಾ ಎಲ್ಲೂ ಹೋಗೂದಿಲ್ಲ" ಎನ್ನುತ್ತಿದ್ದ.

ಉಳಿದ ದೋಣಿಯವರು ಅವನನ್ನು ಲಾಡಿ ಹಿಡಿದೇ ದಂಡೆಗೆ ಎಳೆತಂದರು. ಬೆಂಕಿ ಹಾಕಿ, ಕಂಬಳಿ ಸುತ್ತಿ ಕೂರಿಸಿದೆವು. ಎಷ್ಟೋ ಹೊತ್ತು ಅವನಿಗೆ ಏಳಲಾಗಲಿಲ್ಲ.

"ಕಾಲು ಬರಲಿಲ್ಲ, ದುರ್ಗಿ" ಎಂದ. ಹಲ್ಲು ಕಟಕಟ ಎನ್ನುತ್ತಿದ್ದವು. "ಮಾವ ಹೇಳಿದ್ದು ಖರೆ ಐತಿ ನೋಡು. ಆಯುಷ್ಯಪೂರ್ತಿ ಬರ್ತೈತಿ."

ಅವಳು ತೊಯ್ದ ಜಾಕೀಟನ್ನು ಎದೆಗೆ ಅವುಚಿಕೊಂಡು ಅತ್ತಳು. ಅಳುತ್ತಿರುವಾಗಲೇ ಒಳಗಿನ ಬುರುಡೆಯೊಂದು ಟಕ್ಕೆಂದಿತು, ಅವಳಿಗೆ ನಗು ಬಂತು. ಆಮೇಲೆ ದಂಡೆಯಲ್ಲಿ ಯಾರಿಗೂ ನಗು ತಡೆಯಲಾಗಲಿಲ್ಲ.

ಮುಂದಿನ ರವಿವಾರ ನಾನು ಬಟ್ಟೆ ಗಂಟು ಹೊತ್ತು ಹೋದಾಗ ಅವಳ ಕಲ್ಲು ಖಾಲಿ ಇತ್ತು. ಆ ಮೀಸೆ ತಿರುವಲಾಗದ ದೋಣಿಯಲ್ಲಿ ಇಬ್ಬರು ಕುಳಿತಿದ್ದರು. ಸೀರೆಯ ಮೇಲೆ ದುರ್ಗವ್ವನಿಗೂ ಆರು ಬುರುಡೆ. ಅವನ್ನು ಕಟ್ಟಿದವನು ಲಗಮಪ್ಪ, ಬಲೆಯ ಗಂಟು ಹಾಕಿ, ದಂಡೆಗೆಲ್ಲ ಕಾಣುವ ಹಾಗೆ ಹೊರಗೆ.