ಚಾಚಾನ ಕಾರಿಗೆ ನಾನು ನುಡಿದ ಸಾಕ್ಷಿ

ನಮ್ಮ ಓಣಿಯ ಜಹೀರುದ್ದೀನ್ ಚಾಚಾ ಇಪ್ಪತ್ತಾರು ವರ್ಷ ಬೇರೆಯವರ ಲಾರಿ ಓಡಿಸಿದವರು. ಸೊಲ್ಲಾಪುರದಿಂದ ಹೈದರಾಬಾದು, ಹೈದರಾಬಾದಿನಿಂದ ಮತ್ತೆ ಸೊಲ್ಲಾಪುರ. ಮೊಣಕಾಲು ಸವೆದ ಮೇಲೆ ಬಸವಕಲ್ಯಾಣಕ್ಕೆ ಬಂದು, ಉಳಿಸಿದ್ದೆಲ್ಲ ಸುರಿದು ಒಂದು ಹಳೆಯ ಬಿಳಿ ಕಾರು ಕೊಂಡರು. ಅವರ ಹೆಂಡತಿ ಅಸ್ಗರಿ ಚಾಚಿ ಸೀಟುಗಳಿಗೆ ಹೊದಿಕೆ ಹೊಲಿದರು, ಉಳಿದ ಬಟ್ಟೆಯಲ್ಲಿ ವಿಮೆಯ ಕಾಗದಕ್ಕೊಂದು ಚೀಲ. ಹನ್ನೊಂದು ವರ್ಷ ಚಾಚಾ ಗಡುವಿಗೆ ವಾರ ಮೊದಲೇ ವಿಮೆ ಕಟ್ಟಿದ್ದಾರೆ. ಒಂದು ಸಲವೂ ಒಂದು ಪೈಸೆ ಕೇಳಿದವರಲ್ಲ.

ಅದು ಬಾಡಿಗೆಯ ಕಾರಲ್ಲ ಎಂದು ಓಣಿಯಲ್ಲಿ ಎಲ್ಲರೂ ಹೇಳುತ್ತಿದ್ದರು, ಎಲ್ಲರೂ ಅದರಲ್ಲೇ ಓಡಾಡುತ್ತಿದ್ದರು. ಹೆರಿಗೆಗೆ, ಡಯಾಲಿಸಿಸ್‌ಗೆ, ಹುಮನಾಬಾದಿನ ರೈಲಿಗೆ. ಇಳಿಯುವಾಗ ಗೇರಿನ ಪಕ್ಕದ ತಗ್ಗಿನಲ್ಲಿ ಪೆಟ್ರೋಲಿಗೆಂದು ಒಂದು ನೋಟು ಇಟ್ಟು ಹೋಗುವುದು ರೂಢಿ. ಇಡುವ ಹೊತ್ತಿಗೆ ಚಾಚಾ ಕಿಟಕಿಯ ಹೊರಗೆ ನೋಡುತ್ತಿದ್ದರು. ಎಷ್ಟಿಟ್ಟಿರಿ ಎಂದು ಕೇಳಿದ್ದಿಲ್ಲ. ಇಡದವರಿಗೆ ಮುಂದಿನ ಸಲ ಬರುವುದಿಲ್ಲ ಎಂದದ್ದೂ ಇಲ್ಲ. ಬಾಡಿಗೆ ಎಂಬ ಮಾತನ್ನು ಯಾರೂ ಬಾಯಿಗೆ ತರುತ್ತಿರಲಿಲ್ಲ. ಅವರಿಬ್ಬರ ಮನೆ ಮಾತ್ರ ನಡೆಯುತ್ತಿದ್ದದ್ದು ಆ ತಗ್ಗಿನಿಂದಲೇ.

ನಾನು ಕಲಬುರಗಿಯಲ್ಲಿ ಓದಿದವಳು. ನನಗೆ ಎಲ್ಲವನ್ನೂ ಬರೆದಿಡುವ ಚಟ. ಮಗ ಸಮ್ಯಕನಿಗೆ ಎಷ್ಟು ಗಂಟೆಗೆ ಎಷ್ಟು ಚಮಚ ಔಷಧಿ ಹಾಕಿದೆ, ಜ್ವರ ಎಷ್ಟಿತ್ತು, ಎಲ್ಲ ಫೋನಿನಲ್ಲಿರಬೇಕು. ಇಲ್ಲದಿದ್ದರೆ ಏನೋ ತಪ್ಪಿಹೋಗುತ್ತದೆ ಎಂಬ ಭಯ. ಹೋದ ಚಳಿಗಾಲದಲ್ಲಿ ಅವನಿಗೆ ಜ್ವರ ನೂರಾಮೂರಕ್ಕೆ ಏರಿದಾಗ ನನ್ನ ಗಂಡ ರಾಜೀವ ಕೊಹಿನೂರು ಹಳ್ಳಿಯ ಶಾಲೆಗೆ ಪಾಠಕ್ಕೆ ಹೋಗಿದ್ದರು. ಚಾಚಾನ ಬಾಗಿಲಿಗೆ ಓಡಿದೆ. ಅವರು ತಟ್ಟೆಯ ಮುಂದೆ ಕುಳಿತಿದ್ದವರು ಕೈ ತೊಳೆದುಕೊಂಡೇ ಎದ್ದರು.

"ಅಳಬ್ಯಾಡ ಬೇಟಿ, ನಲವತ್ತರ ಮ್ಯಾಲ ಹೋಗಂಗಿಲ್ಲ ನಾ, ಆದ್ರ ಮುಟ್ಟಸ್ತೀನಿ."

ಕೈಯಲ್ಲಿ ಚಿಲ್ಲರೆ ನೋಟಿರಲಿಲ್ಲ. ದಾರಿಯಲ್ಲೇ ಚಾಚಿಯ ಫೋನಿಗೆ ನಾಲ್ಕು ನೂರು ಕಳಿಸಿದೆ. ಯಾತಕ್ಕೆ ಎಂದು ಬರೆಯುವ ಜಾಗದಲ್ಲಿ ಬರೆದೆ, 'ಹುಮನಾಬಾದ್ ಕಾರ್ ಬಾಡಿಗೆ, ಸಮ್ಯಕ ಜ್ವರ.'

ಹುಮನಾಬಾದ್ ಇನ್ನೇನು ಬಂತು ಅನ್ನುವಲ್ಲಿ ರಸ್ತೆಯ ಉಬ್ಬಿಗೆ ಚಾಚಾ ಕಾರು ನಿಲ್ಲಿಸಿದ್ದಷ್ಟೇ. ಹಿಂದಿನಿಂದ ಬಂದ ಮರಳಿನ ಟಿಪ್ಪರು ನಿಲ್ಲಲಿಲ್ಲ. ನಾನು ಮಗುವನ್ನೆತ್ತಿಕೊಂಡು ಮುಂದಿನ ಸೀಟಿನಲ್ಲಿದ್ದೆ, ಬದುಕಿದೆವು. ಹಿಂದಿನ ಸೀಟು, ಅದರ ಹೂವಿನ ಹೊದಿಕೆ, ಎಲ್ಲ ನಮ್ಮ ಬೆನ್ನಿಗೆ ಬಂದು ತಾಗಿತ್ತು. ಮಗನ ಕತ್ತನ್ನು ನಾನು ಇಂದಿಗೂ ದಿನಕ್ಕೆರಡು ಸಲ ಮುಟ್ಟಿ ನೋಡುತ್ತೇನೆ.

ತಪ್ಪು ಟಿಪ್ಪರಿನದೇ ಎಂದು ಪೊಲೀಸರೂ ಬರೆದುಕೊಂಡರು. ಆದರೆ ಅದರ ವಿಮೆ ನಾಲ್ಕು ತಿಂಗಳ ಹಿಂದೆಯೇ ತೀರಿತ್ತು. ಅದರ ಮಾಲೀಕನನ್ನು ಕೋರ್ಟಿಗೆ ಎಳೆದರೆ ವರ್ಷಗಳ ಮಾತು. ಹೀಗಾಗಿ ಚಾಚಾನಿಗೆ ಉಳಿದದ್ದು ಅವರದೇ ವಿಮೆ. ಅದು ಬಂದರೆ ಕಾರು, ಬರದಿದ್ದರೆ ಗುಜರಿ.

"ಬರ್ತದ," ಎಂದು ಚಾಚಾ ಚೀಲ ತಟ್ಟಿದರು. "ಹನ್ನೊಂದು ವರ್ಷ ಕಟ್ಟೀನಿ. ಒಮ್ಮಿ ಕೇಳಾಕತ್ತೀನಿ."

ನನಗೆ ಮಾತ್ರ ನೆಮ್ಮದಿಯಿಲ್ಲ. ವಿಮೆಯವರು ಎಲ್ಲವನ್ನೂ ಅನುಮಾನಿಸುತ್ತಾರಂತೆ, ಕಾರಿನಲ್ಲಿ ಯಾರೂ ಇರಲೇ ಇಲ್ಲ ಎನ್ನುತ್ತಾರಂತೆ. ಮೂರು ದಿನ ಕುಳಿತು ಎಲ್ಲ ಜೋಡಿಸಿದೆ. ಡಾಕ್ಟರ ಚೀಟಿ, ನಜ್ಜುಗುಜ್ಜಾದ ಕಾರಿನ ಹದಿನಾಲ್ಕು ಫೋಟೊ, ಜ್ವರದ ಲೆಕ್ಕ.

ವಿಮೆಯವರು ವಿಚಾರಣೆಗೆ ಕಳಿಸಿದ ನರಸಿಂಗ ಎಂಬಾತ ಬಹಳ ನಯದ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು ಬಂದ. ಚಾಚಿಯ ಚಹಾ ಹೊಗಳಿದ. ಸಮ್ಯಕನ ಗಲ್ಲ ಮುಟ್ಟಿದ.

"ಅಕ್ಕಾರ, ನೀವೂ ಗಾಡ್ಯಾಗ ಇದ್ರ್ಯಾ? ಎಷ್ಟ ಗಂಟಿಗಿ ಬಿಟ್ರಿ?"

"ಹತ್ತು ಗಂಟಿ ಹನ್ನೆರಡು ನಿಮಿಷಕ್ಕ ನಾವು ದಾರ್ಯಾಗ ಇದ್ವಿ."

"ಅಷ್ಟ್ ಕರೆಕ್ಟ್ ಹ್ಯಾಂಗ ಹೇಳ್ತೀರಿ?"

ನಂಬುತ್ತಿಲ್ಲ ಎಂದುಕೊಂಡೆ. ಬಾಗಿಲಲ್ಲಿ ನಿಂತಿದ್ದ ಚಾಚಿ ನನಗೆ ಕಣ್ಸನ್ನೆ ಮಾಡಿದರು. ನಾನು ನೋಡಿದೆ. ನೋಡಿಯೂ ಫೋನು ತೆಗೆದು ಅವನ ಮುಂದೆ ಹಿಡಿದೆ.

"ಪ್ರೂಫ್ ಅದರಿ ನನ್ನ ಹತ್ರ. ಆ ಟೈಮಿಗೇ ರೊಕ್ಕ ಹಾಕೀನಿ, ನೋಡ್ರಿ."

ಅವನು ನೋಡಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. "ಒಂದು ಫೋಟೊ ತಕ್ಕೋಲೇನ್ರಿ?" ಎಂದ. ನಾನೇ ಫೋನು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಒಂದೂವರೆ ತಿಂಗಳಿಗೆ ಪತ್ರ ಬಂತು. ಇಂಗ್ಲಿಷಿನಲ್ಲಿತ್ತು. ಓದಿ ಹೇಳಲು ಚಾಚಿ ನನ್ನನ್ನೇ ಕರೆದರು, ಓಣಿಯಲ್ಲಿ ಅಷ್ಟು ಓದಿದವಳು ನಾನೇ ತಾನೇ! ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ವಾಹನವನ್ನು ಅಪಘಾತದ ಹೊತ್ತಿಗೆ ಬಾಡಿಗೆಗೆ ಓಡಿಸಲಾಗುತ್ತಿತ್ತು, ಆದ್ದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಆಧಾರ ಎಂದು ಕೆಳಗೆ ನನ್ನ ಫೋನಿನ ಚಿತ್ರ. ಅಂಚಿನಲ್ಲಿ ನನ್ನ ಹೆಬ್ಬೆರಳೂ ಬಿದ್ದಿತ್ತು.

ನಿಂತ ಕಾರಿಗೆ ಹಿಂದಿನಿಂದ ಗುದ್ದಿದವನ ಬಗ್ಗೆ ಆ ಪತ್ರದಲ್ಲಿ ಒಂದು ಸಾಲೂ ಇರಲಿಲ್ಲ.

ನಾನು ಓದಿ ಮುಗಿಸಿದ ಮೇಲೆ ಚಾಚಿ ಚಹಾದ ಲೋಟ ನನ್ನ ಮುಂದಿನಿಂದ ಎತ್ತಿಕೊಂಡರು. ನಾನಿನ್ನೂ ಕುಡಿದಿರಲಿಲ್ಲ.

"ಹನ್ನೊಂದು ವರ್ಷದಾಗ ಎಷ್ಟ್ ಮಂದಿ ಕುಂತರು ಆ ಗಾಡ್ಯಾಗ. ಯಾರಿಗೂ ರಸೀದಿ ಬೇಕಾಗಿದ್ದಿಲ್ಲ. ಶ್ಯಾಣ್ಯಾಕಿ ಒಬ್ಬಾಕಿ ಬಂದಳು."

"ಚುಪ್, ಅಸ್ಗರಿ," ಎಂದರು ಚಾಚಾ. "ಆಕಿ ಸುಳ್ಳೇನ್ ಬರದಾಳ?"

ಬೈದಿದ್ದರೆ ಚೆನ್ನಾಗಿತ್ತು.

ಬೀದರಿನ ಗ್ರಾಹಕರ ಆಯೋಗಕ್ಕೆ ಹೋಗೋಣ, ಖರ್ಚು ನಾವು ಹಾಕುತ್ತೇವೆ ಎಂದರು ರಾಜೀವ. ಚಾಚಾ ತಲೆಯಾಡಿಸಿದರು. "ಅಲ್ಲಿ ಈಕಿನ್ನೇ ನಿಂದ್ರಸ್ತಾರಪಾ. ಬಾಡಿಗಿ ಕೊಟ್ಟಿಲ್ಲ ಅಂತ ಹೇಳಸ್ಬೇಕು. ನನ್ನ ಸಲುವಾಗಿ ಸಣ್ಣ ಕೂಸಿನ ತಾಯಿ ಯಾಕ ಸುಳ್ಳ ಹೇಳ್ಬೇಕು?" ವಾರದಲ್ಲಿ ಗುಜರಿಯವನು ಕಾರು ಎಳೆದೊಯ್ದ. ಹೂವಿನ ಹೊದಿಕೆಗಳನ್ನು ಚಾಚಿ ಬಿಚ್ಚಿಕೊಂಡರು. ಈಗ ಅವು ಅವರ ಮನೆಯ ನೆಲ ಒರೆಸುತ್ತವೆ. ನನಗೆ ಕಾಣುವಂತೆ ಕಟ್ಟೆಯ ಮೇಲೆಯೇ ಒಣಹಾಕುತ್ತಾರೆ.

ಮೊನ್ನೆ ಸಮ್ಯಕನಿಗೆ ಮತ್ತೆ ಕೆಮ್ಮು. ಹುಮನಾಬಾದಿನ ಬಸ್ಸು ಹತ್ತಿದರೆ ಒಳಗೆ ಚಾಚಾ. ಅಲ್ಲಿ ಯಾರದೋ ಲಾರಿಗೆ ಮತ್ತೆ ಡ್ರೈವರ್ ಆಗಿದ್ದಾರೆ, ಐವತ್ತೆಂಟರ ವಯಸ್ಸಿಗೆ. ಸರಿದು ಜಾಗ ಕೊಟ್ಟರು, ಮಗನನ್ನು ಕೇಳದೆಯೇ ತೊಡೆಯ ಮೇಲೆ ಎತ್ತಿಕೊಂಡರು. ಆ ಸವೆದ ಮೊಣಕಾಲು ಅವನ ಭಾರಕ್ಕೆ ನಡುಗುತ್ತಿತ್ತು.

ಕಂಡಕ್ಟರ್ ಬಂದ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ನನಗೆ ಸೊನ್ನೆಯ ಟಿಕೆಟ್ ಹರಿದುಕೊಟ್ಟ. ಚಾಚಾನ ಟಿಕೆಟ್ಟನ್ನಾದರೂ ನಾನು ತೆಗೆಸೋಣವೆಂದು ಫೋನು ತೆಗೆದೆ. ಅವರು ಅದರ ಮೇಲೆ ಅಂಗೈ ಮುಚ್ಚಿದರು.

"ಬ್ಯಾಡ ಬೇಟಿ. ಇದಕ್ಕೇನಂತ ಬರೀತಿ?"

ಜೇಬಿನಿಂದ ನೋಟು ತೆಗೆದು ಕೊಟ್ಟರು. ಕಿಟಕಿಯ ಹೊರಗೆ ನೋಡಲಿಲ್ಲ. ಕಂಡಕ್ಟರ್ ತಿರುಗಿ ಕೊಟ್ಟ ಚಿಲ್ಲರೆಯನ್ನು ಎರಡು ಸಲ ಎಣಿಸಿಕೊಂಡರು.