ಗುಂಡಿಗಿಳಿದ ಟ್ಯಾಂಕುಗಳು

ಈ ಬೆಳಿಗ್ಗೆ ನಮ್ಮ ಪಾಲಹಳ್ಳಿಯ ಬೀದಿಯಲ್ಲಿ ನೀರಿನ ಪೈಪಿಗೆಂದು ಜೆಸಿಬಿ ಗುಂಡಿ ತೋಡಿತು. ಹಸಿಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನೆನಪಾದದ್ದು ಗದ್ದೆಯಲ್ಲ, ಮೊಬೈಲ್ ಆಟದೊಳಗಿನ ಯುದ್ಧದ ಟ್ಯಾಂಕು. ನಗಬೇಡಿ. ಐವತ್ತು ದಾಟಿದ, ಮದುವೆಯಾಗದ, ಜೆರಾಕ್ಸ್ ಅಂಗಡಿಯ ಗಂಡಸಿಗೂ ಸಂಜೆ ಕಳೆಯಲು ಏನಾದರೂ ಬೇಕಲ್ಲ.

ನನ್ನೆದುರು ಆಡುತ್ತಿದ್ದವನು ಕ್ಯಾತನಹಳ್ಳಿಯ ಚಲುವ. ಹೈಸ್ಕೂಲಿನಲ್ಲಿ ನಾವು ಒಂದೇ ಬೆಂಚಿನವರು. ಆಮೇಲೆ ಅವನು ಹಸು ಕಟ್ಟಿದ, ನಾನು ಜೆರಾಕ್ಸ್ ಮೆಷಿನ್ನಿನ ಮುಂದೆ ನಿಂತೆ. ಅವರವರ ಮನೆಯಿಂದಲೇ ದಿನಕ್ಕೆ ಅವನದೊಂದು ನಡೆ, ನನ್ನದೊಂದು ನಡೆ. ಅವನ ನಡೆ ಬಂತೆಂದರೆ ಅವನು ಚೆನ್ನಾಗಿದ್ದಾನೆಂದು ಅರ್ಥ. ಫೋನು ಮಾಡಿ ವಿಚಾರಿಸಬೇಕಾದ ಸಂಕೋಚವೂ ಇರಲಿಲ್ಲ.

ಟ್ಯಾಂಕೆಂದರೆ ನುಗ್ಗುವುದಕ್ಕೇ ಇರುವುದು ಅಂದುಕೊಂಡಿದ್ದೆ. ಕೂರಿಸುವುದನ್ನು ಕಲಿಸಿದವನು ಚಲುವ. "ನುಗ್ಗಾಕೆ ಯಾರಾದ್ರೂ ನುಗ್ತಾರೆ ಕಣ್ಲಾ, ಕುಂತ್ಕಳದ ಕಲಿ" ಅನ್ನುತ್ತಿದ್ದ. ಗುಂಡಿ ತೋಡಿ ಒಳಗಿಳಿಸಿದರೆ ಟ್ಯಾಂಕಿನ ತಲೆ ಮಾತ್ರ ಮೇಲೆ ಕಾಣುತ್ತದೆ, ಎದುರಿನ ಏಟು ಬಹುಪಾಲು ಮಣ್ಣಿಗೇ ಹೋಗುತ್ತದೆ. ಅಲುಗಾಡದೆ ಕಳೆದ ಪ್ರತಿ ಸರದಿಗೂ ಆ ಜಾಗ ಗಟ್ಟಿಯಾಗುತ್ತಾ ಹೋಗುತ್ತದೆ. ತೀರ ಹತ್ತಿರ ಹೋಗುವತನಕ ಅಲ್ಲಿ ಎಷ್ಟು ಟ್ಯಾಂಕುಗಳಿವೆಯೆಂದು ಎದುರಾಳಿಗೆ ತಿಳಿಯುವುದಿಲ್ಲ. ಕಷ್ಟವಿರುವುದು ಹೊರಬರುವಾಗ. ಮೇಲೇರಲು ಒಂದು ಸರದಿ ಪೂರ್ತಿ ಬೇಕು, ಆ ಹೊತ್ತಿನಲ್ಲಿ ಏಟು ಬಿದ್ದರೆ ಮುಗಿಯಿತು. ಹಾಗಾಗಿ ಒಮ್ಮೆ ಇಳಿದವರು ಏಳಲು ಹೆದರುತ್ತಾರೆ.

ಒಂದು ಮಳೆಗಾಲ ಚಲುವನ ನಡೆ ನಿಂತುಹೋಯಿತು. ಎರಡು ಮೂರು ದಿನ ಕಾದು ಆಟವೇ ಸರದಿಯನ್ನು ನನಗೆ ದಾಟಿಸುತ್ತಿತ್ತು. ಸುಮ್ಮನಿರುವುದೂ ಈ ಆಟದಲ್ಲಿ ಒಂದು ನಡೆಯೇ ತಾನೆ? ಆಟದ ಬಯಲಿನಲ್ಲಿ ನಮ್ಮಿಬ್ಬರ ನಡುವಿನ ಸೇತುವೆಯಾಚೆ ಸಾಲುಸಾಲು ಟ್ಯಾಂಕು ಇಳಿಸಿ ಜಾಗ ಗಟ್ಟಿ ಮಾಡಿಕೊಳ್ಳುತ್ತಿದ್ದಾನೆ, ಭಲೇ ಹೊಂಚು ಹಾಕಿದ್ದಾನೆ ಎಂದುಕೊಂಡೆ. ನಾನೂ ಗುಂಡಿಯಲ್ಲೇ ಕೂತೆ. ಮನೆಯಲ್ಲಿ ಮಾತಾಡುವವರು ಮೊದಲೇ ಇರಲಿಲ್ಲ, ಈಗ ಆ ಒಂದು ನಡೆಯೂ ಇಲ್ಲ. ಬಹಳ ಒಂಟಿ ಅನ್ನಿಸುತ್ತಿತ್ತು. ಆದರೂ ಫೋನು ಮಾಡಲಿಲ್ಲ. ಮಾಡಿದರೆ ಸೋತಂತೆ ಎಂಬ ಬಿಗುಮಾನ.

ಕೊನೆಗೆ ಪಾಂಡವಪುರದ ಮಾರ್ಕೆಟ್ಟಿನಲ್ಲಿ ಅವನ ಹೆಂಡತಿ ಸಿಕ್ಕರು. ಸಕ್ಕರೆ ಕಾಯಿಲೆ ಕಣ್ಣಿಗಿಳಿದು ಚಲುವನಿಗೆ ಬೆಳಕು ನೆರಳು ಬಿಟ್ಟರೆ ಏನೂ ಕಾಣುವುದಿಲ್ಲವೆಂದೂ, ಯಾರಿಗೂ ಹೇಳಕೂಡದೆಂದು ಕಟ್ಟಪ್ಪಣೆ ಮಾಡಿದ್ದಾನೆಂದೂ ಹೇಳಿದರು. ಅಲ್ಲಿಂದಲೇ ಕ್ಯಾತನಹಳ್ಳಿಯ ಬಸ್ಸು ಹತ್ತಿದೆ.

ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಕೂತಿದ್ದ. ದನಿಯಲ್ಲೇ ಗುರುತು ಹಿಡಿದ. ಜೇಬಿನಿಂದ ಫೋನು ತೆಗೆದು ಕೈಗಿಟ್ಟು, ತನ್ನ ಕಡೆ ಹೇಗಿದೆ ನೋಡಿ ಹೇಳು ಅಂದ. ಅವನ ಕಡೆಯಿಂದ ಆ ಬಯಲನ್ನು ನಾನು ನೋಡಿದ್ದು ಅದೇ ಮೊದಲು. ಸೇತುವೆಯಾಚೆ ಇದ್ದದ್ದು ಒಂದೇ ಟ್ಯಾಂಕು. ಅಕ್ಕಪಕ್ಕ, ಹಿಂದೆ, ಎಲ್ಲ ಖಾಲಿ.

"ಒಂದೇ ಐತಲ್ಲೋ" ಎಂದೆ.

"ಊಂ ಕಣ್ಲಾ. ನೀ ಯಾಕ್ಲಾ ಬರ್ನಿಲ್ಲ ಇಷ್ಟ್ ದಿನ?"

"ನಿನ್ ಕಡೆ ಬೋ ಜನ ಅವ್ರೆ ಅಂದ್ಕಂಡಿದ್ದೆ."

ಅವನು ತಡಕಾಡಿ ನನ್ನ ಕೈ ಹಿಡಿದುಕೊಂಡ.

ಅಂದಿನಿಂದ ಪ್ರತಿ ಭಾನುವಾರ ಹೋಗುತ್ತೇನೆ. ಎರಡೂ ಫೋನು ನನ್ನ ತೊಡೆಯ ಮೇಲೆ. ಅವನು ಹೇಳಿದಂತೆ ಅವನ ನಡೆ ನಡೆಸಿ, ನನ್ನದನ್ನು ಗಟ್ಟಿಯಾಗಿ ಹೇಳುತ್ತೇನೆ. ಬಚ್ಚಿಡಲು ಏನೂ ಉಳಿದಿಲ್ಲ, ಹಾಗಾಗಿ ಆಟ ಅಷ್ಟೇನೂ ರುಚಿಸುವುದಿಲ್ಲ. ಉಳಿದ ದಿನಗಳ ಸಂಜೆ ಮೊದಲಿನಷ್ಟೇ ಉದ್ದ.

ಇವತ್ತು ಭಾನುವಾರವಲ್ಲ. ಆದರೂ ಅಂಗಡಿಗೆ ಬೀಗ ಹಾಕಿ ಬಸ್ಸಿಗೆ ನಿಂತಿದ್ದೇನೆ. ಬರುತ್ತೇನೆಂದು ಅವನಿಗೆ ಹೇಳಿಲ್ಲ.